ರೈಡರ್ ಖಾಲಿ ವಾಪಸ್ ಬಂದರೆ ಮ್ಯಾಚ್ ಫಿಕ್ಸ್ ಆಗಿದೆ ಎಂದರ್ಥವೇ? ಕಬಡ್ಡಿ ಕೋಚ್‌ಗಳು ಎದುರಾಳಿಯನ್ನು ಯಾಮಾರಿಸುವ ಲೆಕ್ಕ ಇಲ್ಲಿದೆ

ಕೂಡ್ಲಿಗಿ ಕಡೆಯ ಓದುಗರೊಬ್ಬರು ನಮಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ವಿಡಿಯೊ ಕಳಿಸಿ, "ಇದು ಖರೇನಾ, ನೋಡಿ ಹೇಳ್ರಿ" ಎಂದು ಕೇಳಿದ್ದರು. ವಿಡಿಯೊ 28 ಸೆಕೆಂಡಿನದ್ದು. ಊರಿನ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಫೈನಲ್. ಹುಡುಗನೊಬ್ಬ ರೈಡಿಗೆ ಹೋಗುತ್ತಾನೆ, ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ ಹಾಕುತ್ತಾನೆ. ಯಾರನ್ನೂ ಮುಟ್ಟುವ ಪ್ರಯತ್ನ ಮಾಡುವುದಿಲ್ಲ. ಸಮಯ ಮುಗಿಯುತ್ತಿದ್ದಂತೆ ವಾಪಸ್ ಬರುತ್ತಾನೆ. ಜನ ಕೂಗುವುದು ಕೇಳಿಸುತ್ತದೆ. ವಿಡಿಯೊದ ಮೇಲೆ ದಪ್ಪ ಅಕ್ಷರದಲ್ಲಿ, "ದುಡ್ಡು ತಿಂದು ಆಡಿದ ನೋಡಿ, ಎಲ್ಲಾ ಗ್ರೂಪಿಗೂ ಕಳಿಸಿ" ಎಂದು ಬರೆದಿದ್ದಾರೆ. ಹುಡುಗನ ಮುಖ ಸ್ಪಷ್ಟವಾಗಿ ಕಾಣುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕುಗಳ ಓದುಗರಿಗೆ ಇಂಥ ದೃಶ್ಯ ಹೊಸದಲ್ಲ. ಶಾಲೆಯ ಹೋಬಳಿ ಮಟ್ಟದ ಆಟದಿಂದ ಹಿಡಿದು ದಸರಾ ಕ್ರೀಡಾಕೂಟ, ಜಾತ್ರೆ ಸಮಯದ ಪಂದ್ಯಾವಳಿಗಳವರೆಗೆ ಕಬಡ್ಡಿ ಇದ್ದೇ ಇರುತ್ತದೆ. ಟಿವಿಯಲ್ಲಿ ಪ್ರೊ ಕಬಡ್ಡಿ ಶುರುವಾದರೆ ಇದೇ ಮಾತು ಇನ್ನೂ ಜೋರಾಗಿ ಕೇಳುತ್ತದೆ: "ಅಷ್ಟು ದೊಡ್ಡ ರೈಡರ್ ಸುಮ್ಮನೆ ಹೋಗಿ ಬಂದ, ಫಿಕ್ಸಿಂಗ್ ಇಲ್ಲದೆ ಹಿಂಗಾಗುತ್ತಾ?"

ಹೌದು, ಆಗುತ್ತದೆ. ಅಂಕವಿಲ್ಲದ ರೈಡ್, ಅಂದರೆ ಖಾಲಿ ರೈಡ್, ಬಹಳ ಸಲ ಕೋಚ್ ಹೇಳಿಕೊಟ್ಟ ಆಟವೇ. ಅದು ಹೇಗೆ ಎಂದು ತಿಳಿಯಲು ಮೊದಲು ಕೆಲವು ನಿಯಮ ನೋಡಬೇಕು. ಆಟ ಬಲ್ಲವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಬಹುದು.

ಒಂದು ರೈಡಿಗೆ ಸಿಗುವುದು 30 ಸೆಕೆಂಡ್. ಪೂರ್ತಿ ಪಂದ್ಯ 40 ನಿಮಿಷ, 20 ನಿಮಿಷದ ಎರಡು ಅವಧಿ. ರೈಡರ್ ಎದುರಾಳಿಯನ್ನು ಮುಟ್ಟಿ ವಾಪಸ್ ಬಂದರೆ ಮುಟ್ಟಿಸಿಕೊಂಡ ಪ್ರತಿಯೊಬ್ಬರಿಗೂ ಒಂದೊಂದು ಅಂಕ. ಅವರು ಹೊರಗೆ ಹೋಗುತ್ತಾರೆ, ತನ್ನ ತಂಡದಲ್ಲಿ ಔಟಾಗಿ ಕೂತವರು ಅಷ್ಟೇ ಸಂಖ್ಯೆಯಲ್ಲಿ ಒಳಗೆ ಬರುತ್ತಾರೆ. ಎದುರಾಳಿಗಳು ಅವನನ್ನು ಹಿಡಿದರೆ ಅವರಿಗೆ ಅಂಕ, ಇವನು ಔಟ್. ಯಾರನ್ನೂ ಮುಟ್ಟದೆ ಬಾಕ್ ಲೈನ್ ದಾಟಿ ಸುರಕ್ಷಿತವಾಗಿ ವಾಪಸ್ ಬಂದರೆ ಯಾರಿಗೂ ಅಂಕವಿಲ್ಲ. ಇದೇ ಖಾಲಿ ರೈಡ್.

ಪ್ರೊ ಕಬಡ್ಡಿಯಲ್ಲಿ ಇದಕ್ಕೊಂದು ಮಿತಿ ಇದೆ. ಒಂದು ತಂಡ ಸತತ ಎರಡು ಖಾಲಿ ರೈಡ್ ಮಾಡಿದರೆ ಮೂರನೆಯದು "ಡೂ ಆರ್ ಡೈ", ನಮ್ಮ ಕಾಮೆಂಟೇಟರ್‌ಗಳ ಮಾತಿನಲ್ಲಿ ಮಾಡು ಇಲ್ಲವೇ ಮಡಿ. ಅದರಲ್ಲಿ ಅಂಕ ತರದಿದ್ದರೆ ರೈಡರ್ ಔಟ್, ಎದುರಾಳಿಗೆ ಒಂದು ಅಂಕ. ಇನ್ನೂ ಎರಡು ನಿಯಮ ನೆನಪಿಟ್ಟುಕೊಳ್ಳಿ. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿದ್ದಾಗ ಅವರು ರೈಡರನ್ನು ಹಿಡಿದರೆ ಒಂದರ ಬದಲು 2 ಅಂಕ, ಅದು ಸೂಪರ್ ಟ್ಯಾಕಲ್. ಪೂರ್ತಿ ತಂಡ ಔಟಾದರೆ ಎದುರಾಳಿಗೆ 2 ಹೆಚ್ಚುವರಿ ಅಂಕ, ಆದರೆ ಔಟಾದ ಏಳೂ ಜನ ಮತ್ತೆ ಅಂಕಣಕ್ಕೆ ಬರುತ್ತಾರೆ. ಈ ಕೊನೆಯ ಮಾತು ಮುಖ್ಯ, ಮತ್ತೆ ಅದಕ್ಕೇ ಬರುತ್ತೇವೆ.

ಸುಮ್ಮನೆ ಹೋಗಿ ಬರುವುದರಲ್ಲಿ ಏನು ಲಾಭ?

ಮೊದಲನೆಯದು, ಎದುರಾಳಿಯ ಗುಟ್ಟು ಗೊತ್ತಾಗುತ್ತದೆ. ರೈಡರ್ ಎಡ ಮೂಲೆಯ ಕಡೆ ಕೈ ಚಾಚಿದಂತೆ ಮಾಡಿದಾಗ ಯಾರು ಮೊದಲು ಕದಲಿದರು? ಕವರ್ ಆಟಗಾರ ಮುಂದೆ ನುಗ್ಗಿದನೋ, ಹಿಂದೆ ಸರಿದನೋ? ಕೈ ಕೈ ಹಿಡಿದು ನಿಂತ ಜೋಡಿಯಲ್ಲಿ ಯಾರು ಮೊದಲು ಕೈ ಬಿಡುತ್ತಾನೆ? ಇದನ್ನು ರೈಡರ್ ಒಳಗಿನಿಂದ ನೋಡುತ್ತಾನೆ, ಕೋಚ್ ಹೊರಗಿನಿಂದ ನೋಡುತ್ತಾನೆ. ಹೊಲಕ್ಕೆ ನೀರು ಬಿಡುವ ಮೊದಲು ಬದು ಎಲ್ಲಿ ಒಡೆದಿದೆ ಎಂದು ಒಂದು ಸುತ್ತು ನೋಡಿ ಬರುವಂತೆ ಇದು.

ಎರಡನೆಯದು, ಎದುರಾಳಿಗೆ ಒಂದು ಅಭ್ಯಾಸ ಹಿಡಿಸುವುದು. ರೈಡರ್ ಎರಡು ಸಲ ಬಲ ಮೂಲೆಯ ಕಡೆಗೇ ಹೋಗಿ ವಾಪಸ್ ಬಂದರೆ ಬಲ ಮೂಲೆಯವನು ಮೂರನೆಯ ಸಲ ಅರ್ಧ ಹೆಜ್ಜೆ ಮುಂಚೆಯೇ ಸಿದ್ಧನಾಗಿರುತ್ತಾನೆ. ಪಕ್ಕದಲ್ಲಿದ್ದವನು ಅವನಿಗೆ ನೆರವಾಗಲು ಅತ್ತ ವಾಲುತ್ತಾನೆ. ಹೀಗೆ ವಾಲಿದಾಗ ಇನ್ನೊಂದು ಕಡೆ ಜಾಗ ತೆರೆದುಕೊಳ್ಳುತ್ತದೆ. ಕೋಚ್ ಕಾಯುತ್ತಿದ್ದದ್ದು ಆ ಜಾಗಕ್ಕೆ. ಮೂರನೆಯ ರೈಡಿಗೆ ಬೇರೆ ಹುಡುಗನನ್ನು ಕಳಿಸುತ್ತಾನೆ. ಹಿಂದಿನ ಎರಡು ರೈಡುಗಳು ಖಾಲಿ ಎಂದು ಸ್ಕೋರ್‌ಬೋರ್ಡ್ ಹೇಳಿದರೂ ಮೂರನೆಯ ಅಂಕ ಹುಟ್ಟಿದ್ದು ಅಲ್ಲೇ.

ಮೂರನೆಯದು ಗಡಿಯಾರ. ಮುನ್ನಡೆಯಲ್ಲಿರುವ ತಂಡಕ್ಕೆ ಪ್ರತಿ ಖಾಲಿ ರೈಡ್ ಎಂದರೆ ಸುಮಾರು ಅರ್ಧ ನಿಮಿಷದ ಉಳಿತಾಯ.

ಇನ್ನು ಎಲ್ಲರನ್ನೂ ರೊಚ್ಚಿಗೆಬ್ಬಿಸುವ ದೃಶ್ಯ ಒಂದಿದೆ. ಎದುರಾಳಿ ತಂಡದಲ್ಲಿ ಒಬ್ಬನೇ ಉಳಿದಿದ್ದಾನೆ, ಅವನನ್ನೂ ಮುಟ್ಟಿದರೆ ಆಲ್‌ಔಟ್, 2 ಅಂಕ ಉಚಿತ. ಆದರೂ ರೈಡರ್ ಅವನ ಹತ್ತಿರ ಹೋಗುವುದೇ ಇಲ್ಲ. "ನೋಡಿದ್ರಾ, ಬೇಕಂತಲೇ ಬಿಟ್ಟ!" ಹೌದು, ಕೆಲವೊಮ್ಮೆ ಬೇಕಂತಲೇ ಬಿಡುತ್ತಾರೆ. ಎದುರಾಳಿಯ ಮುಖ್ಯ ರೈಡರ್ ಔಟಾಗಿ ಹೊರಗೆ ಕೂತಿದ್ದಾನೆ ಎಂದುಕೊಳ್ಳಿ. ಆಲ್‌ಔಟ್ ಮಾಡಿದರೆ ಅವನೂ ಸೇರಿ ಏಳು ಜನ ತಾಜಾ ಆಗಿ ಒಳಗೆ ಬರುತ್ತಾರೆ. ಒಂದೆರಡು ನಿಮಿಷ ಅವನನ್ನು ಹೊರಗೇ ಕೂರಿಸಿದರೆ ಅದು 2 ಅಂಕಕ್ಕಿಂತ ಲಾಭವಾಗಬಹುದು. ಇಬ್ಬರು ಮೂವರು ಉಳಿದಿದ್ದಾಗಲೂ ರೈಡರ್ ಹುಷಾರಾಗಿಯೇ ಇರುತ್ತಾನೆ, ಸೂಪರ್ ಟ್ಯಾಕಲ್ ಆದರೆ 2 ಅಂಕ ಹೋಗುತ್ತದೆ. ನಮ್ಮ ಅನಿಸಿಕೆ ಕೇಳಿದರೆ, ಆಲ್‌ಔಟ್ ಮುಂದೂಡುವುದು ಬಹಳ ಸಲ ಅತಿ ಬುದ್ಧಿವಂತಿಕೆಯಾಗಿ ತಿರುಗುಬಾಣವಾಗುತ್ತದೆ. ಆದರೆ ತಪ್ಪು ಲೆಕ್ಕ ಬೇರೆ, ಮೋಸ ಬೇರೆ.

ಪ್ರೊ ಕಬಡ್ಡಿಯಲ್ಲಿ ಇನ್ನೊಂದು ವಿಚಿತ್ರವೂ ಇತ್ತು. ಹಲವು ಸೀಸನ್‌ಗಳಲ್ಲಿ ಗೆದ್ದವರಿಗೆ 5 ಅಂಕ, ಆದರೆ 7 ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತವರಿಗೂ ಪಟ್ಟಿಯಲ್ಲಿ 1 ಅಂಕ ಸಿಗುತ್ತಿತ್ತು. 6 ಅಂಕ ಹಿಂದಿರುವ ತಂಡ ಕೊನೆಯ ನಿಮಿಷದಲ್ಲಿ ಖಾಲಿ ರೈಡ್ ಮಾಡುತ್ತಾ ಕೂತರೆ ನೋಡುವವರಿಗೆ "ಸೋಲಲಿಕ್ಕೇ ಆಡ್ತಿದ್ದಾರೆ" ಎನಿಸುತ್ತದೆ. ಅವರು ಕಾಪಾಡಿಕೊಳ್ಳುತ್ತಿದ್ದದ್ದು ಆ ಒಂದು ಅಂಕವನ್ನು.

ಬಲೆ ಹಾಕುವುದು ರೈಡರ್ ಮಾತ್ರವಲ್ಲ

ಹಿಡಿಯುವವರೂ ಯಾಮಾರಿಸುತ್ತಾರೆ. ಅಂಕಣದಲ್ಲಿ ಆರು ಅಥವಾ ಏಳು ಜನ ಇದ್ದಾಗ ಬೋನಸ್ ಗೆರೆ ಜಾರಿಯಲ್ಲಿರುತ್ತದೆ. ರೈಡರ್ ಒಂದು ಕಾಲನ್ನು ಗೆರೆಯಾಚೆ ಊರಿ, ಇನ್ನೊಂದು ಕಾಲನ್ನು ನೆಲದಿಂದ ಎತ್ತಿದರೆ ಅಂಕ. ಈಗ ಮೂಲೆಯ ಆಟಗಾರನನ್ನು ಗಮನಿಸಿ. ಅವನು ಉದಾಸೀನನಂತೆ ಹಿಂದೆ ನಿಂತು ಬೋನಸ್ ಗೆರೆಯನ್ನು ತೆರೆದೇ ಬಿಟ್ಟಿರುತ್ತಾನೆ. ರೈಡರ್‌ಗೆ ಆಸೆ ಹುಟ್ಟುತ್ತದೆ, ಕಾಲು ಚಾಚುತ್ತಾನೆ. ಆ ಕ್ಷಣಕ್ಕೆ ಅವನು ನಿಂತಿರುವುದು ಒಂದೇ ಕಾಲಿನ ಮೇಲೆ. ಮೂಲೆಯವನು ಪಾದದ ಗಂಟು ಹಿಡಿದುಬಿಡುತ್ತಾನೆ, ಕವರ್‌ನವರು ಬಂದು ಒತ್ತುತ್ತಾರೆ. ವಿಡಿಯೊದಲ್ಲಿ ಇದನ್ನು ಕತ್ತರಿಸಿ ತೋರಿಸಿದರೆ "ಸೀದಾ ಹೋಗಿ ಕಾಲು ಕೊಟ್ಟ" ಎಂದು ಕಾಣುತ್ತದೆ. ಆ ರೈಡರ್ ಯಾಮಾರಿದ್ದಾನೆ ಅಷ್ಟೇ.

ಎದುರಾಳಿಯ ಮೊದಲ ಎರಡು ರೈಡುಗಳಲ್ಲಿ ಹಿಡಿಯಲು ಹೋಗದೆ ಹಿಂದೆ ಸರಿದು ನಿಲ್ಲುವ ತಂಡಗಳನ್ನೂ ಜನ ಬೈಯುತ್ತಾರೆ. "ಹಿಡಿಯೋಕೆ ಏನಾಗಿದೆ ಇವಕ್ಕೆ?" ಕೋಚ್ ಹಾಗೆ ಹೇಳಿರುತ್ತಾನೆ. ಮೂರನೆಯ ರೈಡಿನಲ್ಲಿ ಅವನು ಅಂಕ ತರಲೇಬೇಕು, ಅವಸರದಲ್ಲಿ ಬಂದೇ ಬರುತ್ತಾನೆ, ಆಗ ಹಿಡಿಯಿರಿ ಎಂದು.

ಈ ಲೆಕ್ಕಾಚಾರಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಹೆಸರು ಬಿ.ಸಿ. ರಮೇಶ್. ಭಾರತಕ್ಕೆ ಆಡಿ ಅರ್ಜುನ ಪ್ರಶಸ್ತಿ ಪಡೆದ ಕರ್ನಾಟಕದ ಆಟಗಾರ, ನಂತರ ಕೋಚ್. 2019ರ ಪ್ರೊ ಕಬಡ್ಡಿಯಲ್ಲಿ ಅವರ ಬೆಂಗಾಲ್ ವಾರಿಯರ್ಸ್ ಫೈನಲ್ ತಲುಪಿದಾಗ ನಾಯಕ, ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯದಿಂದ ಹೊರಗಿದ್ದರು. ಎದುರಿಗೆ ದಬಂಗ್ ಡೆಲ್ಲಿಯ ನವೀನ್ ಕುಮಾರ್. ನವೀನ್ ಆ ದಿನ ಒಬ್ಬರೇ 18 ಅಂಕ ತಂದರು, ಆದರೂ ಬೆಂಗಾಲ್ 39-34ರಲ್ಲಿ ಗೆದ್ದಿತು. ಇರಾನಿನ ಮೊಹಮ್ಮದ್ ನಬಿಬಕ್ಷ್ ಮತ್ತು ನಮ್ಮ ಸುಕೇಶ್ ಹೆಗ್ಡೆ ರೈಡಿಂಗ್ ಹೊಣೆ ಹಂಚಿಕೊಂಡಿದ್ದರು. "ಅಷ್ಟು ಅಂಕ ಗಳಿಸಿದವನ ತಂಡ ಸೋತಿದೆ, ಏನೋ ಇದೆ" ಎನ್ನುವವರು ಇದನ್ನು ನೋಡಬೇಕು. ಒಬ್ಬನನ್ನು ತಡೆಯಲಾಗದಿದ್ದರೂ ಉಳಿದ ಆರು ಜನರ ಮೇಲೆ ಪಂದ್ಯ ಗೆಲ್ಲಬಹುದು.

ಅದೇ ರಮೇಶ್ ಅವರ ಪುಣೇರಿ ಪಲ್ಟನ್ 2024ರ ಮಾರ್ಚ್ 1ರಂದು ಹೈದರಾಬಾದ್‌ನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ ಗೆದ್ದ ಫೈನಲ್ಲಿನ ಸ್ಕೋರ್ 28-25. ಹಿಂದಿನ ಫೈನಲ್ಲಿನಲ್ಲಿ ಎರಡೂ ತಂಡ ಸೇರಿ 73 ಅಂಕ, ಇದರಲ್ಲಿ 53. ಎರಡೂ ಕಡೆ ರಕ್ಷಣೆ ಗಟ್ಟಿಯಾಗಿದ್ದು, ಯಾರೂ ದುಡುಕದೆ ಮೂರನೆಯ ರೈಡಿಗೆ ಕಾಯುತ್ತಾ ಆಡಿದರೆ ಪಂದ್ಯ ಹೀಗೇ ಇರುತ್ತದೆ. ರೋಚಕತೆ ಬೇಕಾದವರಿಗೆ ಸಪ್ಪೆ, ಆಟ ಬಲ್ಲವರಿಗೆ ಕಣ್ಣು ಮಿಟುಕಿಸಲಾಗದ ಪಂದ್ಯ.

ಅಮೆರಿಕದ ಫುಟ್‌ಬಾಲ್, ಮೈಸೂರಿನ ಚಂದ್ರಶೇಖರ್

ಇಂಥ ಯಾಮಾರಿಸುವ ಕಲೆಯನ್ನು ಪೂರ್ತಿ ಉದ್ಯೋಗವನ್ನಾಗಿ ಮಾಡಿಕೊಂಡವರು ಅಮೆರಿಕನ್ ಫುಟ್‌ಬಾಲ್‌ನವರು. ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಆಟ ಅದು. ಕಬಡ್ಡಿಯಂತೆಯೇ ತುಂಡು ತುಂಡಾಗಿ ನಡೆಯುತ್ತದೆ. ಪ್ರತಿ ತುಂಡಿಗೂ ಮೊದಲು ಕೋಚ್ "ಈಗ ಇದನ್ನು ಆಡಿ" ಎಂದು ಹೇಳುತ್ತಾನೆ. 1994ರಿಂದ ಅಲ್ಲಿನ ಎನ್‌ಎಫ್‌ಎಲ್‌ನಲ್ಲಿ ಚೆಂಡು ಎಸೆಯುವ ಮುಖ್ಯ ಆಟಗಾರನ ಹೆಲ್ಮೆಟ್ಟಿನೊಳಗೇ ರೇಡಿಯೊ ಇದೆ. ಆಟ ಶುರು ಮಾಡಲು 15 ಸೆಕೆಂಡ್ ಉಳಿದಾಗ ಅದು ಬಂದ್ ಆಗುತ್ತದೆ. ಎದುರಾಳಿಗಳು ತುಟಿ ನೋಡಿ ಮಾತು ಹಿಡಿಯಬಾರದೆಂದು ಕೋಚ್‌ಗಳು ಹಾಳೆಯಿಂದ ಬಾಯಿ ಮುಚ್ಚಿಕೊಂಡು ಮಾತಾಡುತ್ತಾರೆ.

ಅಲ್ಲಿನ ಹಳೆಯ ತಂತ್ರ ಹೀಗಿದೆ. ಚೆಂಡನ್ನು ಓಡುವವನ ಕೈಗೆ ಕೊಟ್ಟು ಓಡಿಸುತ್ತಾರೆ, ಒಂದೆರಡು ಗಜ ಸಿಗುತ್ತದೆ, ಅಷ್ಟೆ. ಮತ್ತೆ ಓಡಿಸುತ್ತಾರೆ. ನೋಡುವವರಿಗೆ ಬೇಸರ. ಮುಂದಿನ ಸಲ ಅದೇ ರೀತಿ ಕೈಗೆ ಕೊಟ್ಟಂತೆ ಮಾಡಿ, ಚೆಂಡನ್ನು ತಾನೇ ಇಟ್ಟುಕೊಂಡು, ಓಡುವವನನ್ನು ಹಿಡಿಯಲು ಮುಂದೆ ನುಗ್ಗಿದವರ ತಲೆ ಮೇಲಿಂದ ದೂರಕ್ಕೆ ಎಸೆಯುತ್ತಾನೆ. ಬಲ ಮೂಲೆಗೆ ಎರಡು ಖಾಲಿ ರೈಡ್ ಮಾಡಿ ಮೂರನೆಯದರಲ್ಲಿ ಎಡಕ್ಕೆ ತಿರುಗಿದಂತೆಯೇ ಇದು.

ನಮ್ಮವರಲ್ಲಿ ಇದಕ್ಕೆ ಚೆಂದದ ಉದಾಹರಣೆ 1971ರ ಆಗಸ್ಟ್, ಲಂಡನ್ನಿನ ಓವಲ್ ಮೈದಾನ. ಪೋಲಿಯೊದಿಂದ ತೆಳ್ಳಗಾಗಿದ್ದ ಬಲಗೈಯಿಂದಲೇ ಸ್ಪಿನ್ ಹಾಕುತ್ತಿದ್ದ ಮೈಸೂರಿನ ಬಿ.ಎಸ್. ಚಂದ್ರಶೇಖರ್ ಬೌಲಿಂಗ್ ಮಾಡುತ್ತಿದ್ದಾರೆ. ಇಂಗ್ಲೆಂಡಿನ ಜಾನ್ ಎಡ್ರಿಚ್ ಬ್ಯಾಟಿಂಗಿಗೆ ಬಂದಿದ್ದಾರೆ. ಫೀಲ್ಡಿಂಗ್ ಮಾಡುತ್ತಿದ್ದ ದಿಲೀಪ್ ಸರ್ದೇಸಾಯಿ, ಇವನಿಗೆ "ಮಿಲ್ ರೀಫ್" ಹಾಕು ಎಂದು ಚಂದ್ರಶೇಖರ್ ಅವರಿಗೆ ಹಿಂದಿಯಲ್ಲಿ ಹೇಳಿದರು. ಮಿಲ್ ರೀಫ್ ಆ ವರ್ಷ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ ರೇಸ್ ಕುದುರೆ. ತಂಡದವರ ಗುಟ್ಟಿನ ಮಾತಿನಲ್ಲಿ ಅದರರ್ಥ ಚಂದ್ರಶೇಖರ್ ಅವರ ವೇಗದ ಎಸೆತ. ಎಡ್ರಿಚ್ ಬ್ಯಾಟ್ ಇಳಿಸುವಷ್ಟರಲ್ಲಿ ಬೌಲ್ಡ್, ಸೊನ್ನೆ. ಇಂಗ್ಲೆಂಡ್ 101ಕ್ಕೆ ಆಲ್‌ಔಟ್, ಚಂದ್ರಶೇಖರ್ 38 ರನ್‌ಗೆ 6 ವಿಕೆಟ್. ಭಾರತ ಇಂಗ್ಲೆಂಡಿನ ನೆಲದಲ್ಲಿ ಮೊದಲ ಟೆಸ್ಟ್ ಮತ್ತು ಮೊದಲ ಸರಣಿ ಗೆದ್ದದ್ದು ಹಾಗೆ. ಆ ವೇಗದ ಎಸೆತ ಅಷ್ಟು ಕೆಲಸ ಮಾಡಿದ್ದು ಅದರ ಹಿಂದಿನ ನಿಧಾನದ ಎಸೆತಗಳಿಂದ.

ಮನುಷ್ಯ ಯಾಕೆ ಯಾಮಾರುತ್ತಾನೆ?

ಕಣ್ಣಿಗೆ ಕಂಡದ್ದಕ್ಕೆ ದೇಹ ಪ್ರತಿಕ್ರಿಯಿಸಲು ಸುಮಾರು 0.2 ಸೆಕೆಂಡ್ ಬೇಕು. ಹತ್ತಿರದಿಂದ ನುಗ್ಗುವ ರೈಡರ್‌ನ ಕೈಗೆ ಅಷ್ಟು ಸಮಯ ಬೇಕಿಲ್ಲ. ಹಾಗಾಗಿ ಹಿಡಿಯುವವನು ನೋಡಿ ಕದಲಿದರೆ ತಡವಾಗುತ್ತದೆ, ಊಹಿಸಿ ಮೊದಲೇ ಕದಲಬೇಕು. ಕೋಚ್ ಆಟವಾಡುವುದು ಈ ಊಹೆಯ ಜೊತೆ. ಇನ್ನೊಂದು ವಿಷಯವಿದೆ. ಒಂದು ಚಲನೆಗೆ ಮಿದುಳು ಉತ್ತರ ಕೊಡಲು ಶುರು ಮಾಡಿದ ಮೇಲೆ, ಅದರ ಹಿಂದೆಯೇ ಬಂದ ಎರಡನೆಯ ಚಲನೆಗೆ ಉತ್ತರ ಇನ್ನೂ ತಡವಾಗುತ್ತದೆ. ಇದನ್ನು ಮನಶ್ಶಾಸ್ತ್ರಜ್ಞರು 1930ರ ದಶಕದಿಂದಲೇ ಪ್ರಯೋಗಗಳಲ್ಲಿ ಕಂಡಿದ್ದಾರೆ. ಎಡಗಾಲು ಚಾಚಿದಂತೆ ಮಾಡಿ ಬಲಗೈಯಲ್ಲಿ ಮುಟ್ಟುವ ರೈಡರ್ ಈ ಪ್ರಯೋಗವನ್ನು ಓದಿರುವುದಿಲ್ಲ, ಆದರೆ ದಿನವೂ ಮಾಡುತ್ತಾನೆ.

ಹಾಗಂತ ಒಂದೇ ಮೋಸವನ್ನು ಮತ್ತೆ ಮತ್ತೆ ಮಾಡಿದರೆ ಎದುರಾಳಿ ಕಲಿತುಬಿಡುತ್ತಾನೆ. ಒಳ್ಳೆಯ ತಂಡ ಲೆಕ್ಕಕ್ಕೆ ಸಿಗದಂತೆ ಬದಲಾಯಿಸುತ್ತಿರಬೇಕು. ಇಗ್ನಾಸಿಯೊ ಪಲಾಸಿಯೊಸ್-ವೆರ್ತಾ ಎಂಬ ಅರ್ಥಶಾಸ್ತ್ರಜ್ಞರು ಫುಟ್‌ಬಾಲಿನ 1,417 ಪೆನಾಲ್ಟಿ ಒದೆತಗಳನ್ನು ಪರಿಶೀಲಿಸಿ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವೃತ್ತಿಪರ ಆಟಗಾರರು ಎಡ, ಬಲ ಆರಿಸುವುದರಲ್ಲಿ ಹಿಂದಿನ ಒದೆತದಿಂದ ಮುಂದಿನದನ್ನು ಊಹಿಸುವಂಥ ಕ್ರಮ ಸಿಗಲಿಲ್ಲ, ಯಾವ ಕಡೆ ಒದ್ದರೂ ಯಶಸ್ಸಿನ ಪ್ರಮಾಣ ಹೆಚ್ಚು ಕಡಿಮೆ ಒಂದೇ ಇತ್ತು. ಅಂದರೆ ದೊಡ್ಡ ಆಟಗಾರ ಕೆಲವೊಮ್ಮೆ "ತಪ್ಪು" ಎನಿಸುವ ಕಡೆಗೂ ಒದೆಯಲೇಬೇಕು. ಇಲ್ಲದಿದ್ದರೆ "ಸರಿ" ಎನಿಸುವ ಕಡೆ ಗೋಲಿ ಮೊದಲೇ ಹಾರಿರುತ್ತಾನೆ.

ಈಗ ಆ 28 ಸೆಕೆಂಡಿನ ವಿಡಿಯೊ

ನಾವು ಓದುಗರಿಗೆ ನಾಲ್ಕು ಪ್ರಶ್ನೆ ಕೇಳಿದೆವು. ಆ ರೈಡಿನ ಹೊತ್ತಿಗೆ ಸ್ಕೋರ್ ಎಷ್ಟಿತ್ತು? ಎಷ್ಟು ಸಮಯ ಬಾಕಿ ಇತ್ತು? ಅದು ಎಷ್ಟನೆಯ ಖಾಲಿ ರೈಡ್? ಎರಡೂ ಕಡೆ ಎಷ್ಟೆಷ್ಟು ಜನ ಇದ್ದರು? ವಿಡಿಯೊದಲ್ಲಿ ಇವು ಯಾವುವೂ ಇರಲಿಲ್ಲ. ಅವರು ಪಂದ್ಯ ನೋಡಿದ ಗೆಳೆಯರನ್ನು ವಿಚಾರಿಸಿ, ಅಂಕ ಬರೆದವರ ಹಾಳೆಯ ಫೋಟೊ ಕೂಡ ಕಳಿಸಿದರು.

ಹುಡುಗನ ತಂಡ 24-22ರಲ್ಲಿ ಮುಂದಿತ್ತು. ಬಾಕಿ ಇದ್ದದ್ದು ಒಂದು ನಿಮಿಷಕ್ಕೂ ಕಡಿಮೆ. ಹಿಂದಿನ ರೈಡಿನಲ್ಲಿ ಅವನ ತಂಡ ಅಂಕ ತಂದಿತ್ತು, ಹಾಗಾಗಿ ಇದು ಡೂ ಆರ್ ಡೈ ಅಲ್ಲ. ಈಗ ಲೆಕ್ಕ ಹಾಕಿ. ಅವನು ನುಗ್ಗಿ ಸಿಕ್ಕಿಬಿದ್ದಿದ್ದರೆ 24-23, ಇವನು ಔಟ್, ಎದುರಾಳಿಯ ಒಬ್ಬ ಒಳಕ್ಕೆ, ಮೇಲಾಗಿ ಅವರಿಗೆ ಕೊನೆಯ ರೈಡಿಗೆ ಹೆಚ್ಚು ಸಮಯ. ಒಂದೇ ಅಂಕ ತಂದರೂ ಸಮ. ಅವನು ಸಮಯ ಕಳೆದು ವಾಪಸ್ ಬಂದರೆ ಎದುರಾಳಿಗೆ ಉಳಿಯುವುದು ಒಂದೇ ರೈಡ್, ಅದರಲ್ಲಿ ಸಮ ಮಾಡಲು 2, ಗೆಲ್ಲಲು 3 ಅಂಕ ಬೇಕು. ಯಾವ ಊರಿನ ಪಿ.ಟಿ. ಮೇಷ್ಟ್ರಾದರೂ ಗೆರೆಯಾಚೆಯಿಂದ ಕೂಗುವುದು ಒಂದೇ ಮಾತು: "ಏ ತಮ್ಮಾ, ಮುಟ್ಟಬ್ಯಾಡ, ಟೈಮ್ ಹಾಕಿ ವಾಪಸ್ ಬಾ!" ವಿಡಿಯೊದ ಆಡಿಯೊ ಜೋರು ಮಾಡಿ ಕೇಳಿದಾಗ "ವಾಪಸ್, ವಾಪಸ್" ಎಂಬ ಕೂಗು ನಮಗೂ ಕೇಳಿಸಿತು. ಅದು ಮೇಷ್ಟ್ರದ್ದೋ ಪ್ರೇಕ್ಷಕರದ್ದೋ ಎಂದು ಬೇರ್ಪಡಿಸಲಾಗದು.

ಆಮೇಲೆ ನಡೆದದ್ದು ವಿಡಿಯೊದಲ್ಲಿಲ್ಲ. ಎದುರಾಳಿಯ ಕೊನೆಯ ರೈಡರ್‌ನನ್ನು ಹಿಡಿಯಲು ಮೂವರು ಒಟ್ಟಿಗೆ ಬಿದ್ದರು. ಅವನು ಮೂವರನ್ನೂ ಎಳೆದುಕೊಂಡು ನಡುಗೆರೆಗೆ ಕೈ ತಾಗಿಸಿದ. 3 ಅಂಕ, 25-24, ಸೋಲು. ಲೆಕ್ಕದ ಪ್ರಕಾರ ತಪ್ಪಿದ್ದರೆ ಅದು ಇಲ್ಲಿ: 2 ಅಂಕ ಮುಂದಿದ್ದಾಗ ಅವನನ್ನು ಹಿಡಿಯಬೇಕಾಗಿಯೇ ಇರಲಿಲ್ಲ, ಹಿಂದೆ ಸರಿದು ಒಂದು ಬೋನಸ್ ಕೊಟ್ಟು ಕಳಿಸಿದ್ದರೂ ಗೆಲುವು ಇವರದ್ದೇ. ಆ ಮೂವರು ಹುಡುಗರು ಅರ್ಧ ಸೆಕೆಂಡಿನಲ್ಲಿ, ಜನರ ಕೂಗಾಟದ ನಡುವೆ ಹಾಗೆ ಮಾಡಿದರು. ಅವರ ಮೇಲೂ ಯಾರೂ ವಿಡಿಯೊ ಮಾಡದಿರಲಿ.

ಸೋತ ಮೇಲೆ ಸೋಲಿಗೆ ಮುಂಚಿನ ಎಲ್ಲವೂ ತಪ್ಪಾಗಿ ಕಾಣುವುದಕ್ಕೂ ಸಂಶೋಧನೆಯ ಆಧಾರವಿದೆ. ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಷಿ ಎಂಬ ಸಂಶೋಧಕರು 1988ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜನರ ಮುಂದೆ ಒಂದೇ ತೀರ್ಮಾನವನ್ನು ಇಟ್ಟು ಫಲಿತಾಂಶ ಮಾತ್ರ ಬದಲಾಯಿಸಿದರು. ಫಲಿತಾಂಶ ಕೆಟ್ಟದ್ದಾಗಿದ್ದಾಗ ಅದೇ ತೀರ್ಮಾನವನ್ನು ಜನ ಕೆಟ್ಟದ್ದೆಂದು ಅಳೆದರು. ಎದುರಾಳಿಯ ಕೊನೆಯ ರೈಡರ್ ಸಿಕ್ಕಿಬಿದ್ದಿದ್ದರೆ ಇದೇ ಹುಡುಗನ ಇದೇ 28 ಸೆಕೆಂಡನ್ನು "ಏನ್ ತಲೆ ಗುರೂ" ಎಂದು ಸ್ಟೇಟಸ್‌ಗೆ ಹಾಕುತ್ತಿದ್ದರು.

ಹಾಗಾದರೆ ಫಿಕ್ಸಿಂಗ್ ಅನ್ನುವುದೇ ಸುಳ್ಳಾ?

ಇಲ್ಲ, ಅದೂ ಇದೆ. ಆದರೆ ಅದು ಹೊರಬಂದ ದಾರಿ ನೋಡಿ. 2000ದಲ್ಲಿ ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೊನಿಯೆ ಸಿಕ್ಕಿಬಿದ್ದದ್ದು ಕೆಟ್ಟ ಆಟದಿಂದಲ್ಲ. ದೆಹಲಿ ಪೊಲೀಸರು ಬುಕ್ಕಿ ಜೊತೆಗಿನ ಫೋನ್ ಮಾತು ಕೇಳಿಸಿಕೊಂಡಿದ್ದರು. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್ ವಿಚಾರದಲ್ಲಿ ಬೆಂಗಳೂರು ಸಿಸಿಬಿ ಪೊಲೀಸರು ಕೆಲವರನ್ನು ಬಂಧಿಸಿದ್ದರು. ಆ ಪ್ರಕರಣದಲ್ಲಿ 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಮ್ಯಾಚ್ ಫಿಕ್ಸಿಂಗ್ ಐಪಿಸಿ 420ರಡಿ ವಂಚನೆ ಎನಿಸುವುದಿಲ್ಲ, ಶಿಸ್ತು ಕ್ರಮ ಕ್ರಿಕೆಟ್ ಮಂಡಳಿಯ ಕೆಲಸ ಎಂದಿತು. ಪೊಲೀಸರು, ವಕೀಲರು, ನ್ಯಾಯಾಲಯಗಳೇ ಇಷ್ಟು ತಿಣುಕುವ ವಿಷಯವನ್ನು ನಾವು ಮೊಬೈಲಿನಲ್ಲಿ ಅರ್ಧ ನಿಮಿಷ ನೋಡಿ ತೀರ್ಮಾನಿಸುತ್ತೇವೆ.

ಆಟದೊಳಗಿನ ಮೋಸಕ್ಕೂ ಗಡಿ ಇದೆ. 2007ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಎದುರಾಳಿ ಕೋಚ್‌ಗಳ ಕೈಸನ್ನೆಗಳನ್ನು ನಿಯಮ ಮೀರಿ ವಿಡಿಯೊ ಮಾಡಿ ಸಿಕ್ಕಿಬಿತ್ತು. ಕೋಚ್ ಬಿಲ್ ಬೆಲಿಚಿಕ್‌ಗೆ 5 ಲಕ್ಷ ಡಾಲರ್, ತಂಡಕ್ಕೆ 2.5 ಲಕ್ಷ ಡಾಲರ್ ದಂಡ ಬಿತ್ತು. ಎದುರಾಳಿಯನ್ನು ಯಾಮಾರಿಸುವುದು ಆಟ, ನಿಯಮವನ್ನು ಯಾಮಾರಿಸುವುದು ಅಪರಾಧ.

"ಫಿಕ್ಸ್" ಎಂಬ ಫಾರ್ವರ್ಡ್‌ಗಳ ಬಾಲಕ್ಕೆ ಇನ್ನೊಂದು ಅಂಟಿಕೊಂಡು ಬರುತ್ತದೆ: "ನಾಳಿನ ಮ್ಯಾಚ್ ಯಾರು ಗೆಲ್ತಾರೆ ನಮಗೆ ಗೊತ್ತು, ಟೆಲಿಗ್ರಾಂ ಚಾನೆಲ್ ಸೇರಿ." ಅವರು ಹೇಳಿದ್ದು ನಾಲ್ಕು ಸಲ ನಿಜವಾಯಿತು ಎಂದು ನಂಬಿ ದುಡ್ಡು ಕಟ್ಟಿದವರಿದ್ದಾರೆ. ಅದರ ಲೆಕ್ಕವೂ ಸರಳ. 1,600 ಜನರಲ್ಲಿ ಅರ್ಧಕ್ಕೆ "ಎ ಗೆಲ್ಲುತ್ತೆ", ಅರ್ಧಕ್ಕೆ "ಬಿ ಗೆಲ್ಲುತ್ತೆ" ಎಂದು ಕಳಿಸಿ. ಸರಿಯಾದ 800 ಜನರಿಗೆ ಮಾತ್ರ ಮುಂದಿನ ಮ್ಯಾಚ್, ಮತ್ತೆ ಅರ್ಧರ್ಧ. 400, 200, 100. ನಾಲ್ಕು ಪಂದ್ಯದ ನಂತರ 100 ಜನರ ಕಣ್ಣಿಗೆ ಅವನು ತ್ರಿಕಾಲಜ್ಞಾನಿ. ಐದನೆಯ ಸಲಕ್ಕೆ ಹಣ ಕೇಳುತ್ತಾನೆ. ಬಲ ಮೂಲೆಗೆ ಎರಡು ಖಾಲಿ ರೈಡ್ ಮಾಡಿ ಅಭ್ಯಾಸ ಹಿಡಿಸಿದ್ದು ನೆನಪಿದೆಯಲ್ಲ, ಇಲ್ಲಿ ಮೂಲೆಯಲ್ಲಿ ನಿಂತವರು ನೀವು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಹಣ ಕಳೆದುಕೊಂಡವರು ತಡ ಮಾಡದೆ 1930ಕ್ಕೆ ಕರೆ ಮಾಡಿ.

ಮುಂದಿನ ಜಾತ್ರೆಯ ಪಂದ್ಯಾವಳಿಗೆ ಹೋದಾಗ ಇನ್ನೊಂದು ವಿಷಯ ಮೊದಲೇ ವಿಚಾರಿಸಿ. ಊರ ಪಂದ್ಯಗಳಲ್ಲಿ ನಿಯಮ ಒಂದೇ ರೀತಿ ಇರುವುದಿಲ್ಲ. ಕೆಲವು ಕಡೆ ಡೂ ಆರ್ ಡೈ ಇರುತ್ತದೆ, ಕೆಲವು ಕಡೆ ಇರುವುದಿಲ್ಲ. ಅದಿಲ್ಲದ ಕಡೆ ಖಾಲಿ ರೈಡುಗಳು ಇನ್ನೂ ಹೆಚ್ಚು.

ನಮಗೆ ವಿಡಿಯೊ ಕಳಿಸಿದ ಓದುಗರು ಅದನ್ನು ತಮ್ಮ ಗ್ರೂಪಿನಿಂದ ತೆಗೆಸಿದ್ದಾರೆ. ಅಂಕದ ಹಾಳೆಯ ಫೋಟೊವನ್ನೂ ಅಲ್ಲಿ ಹಾಕಿದ್ದಾರೆ, ಅದನ್ನು ಇಬ್ಬರು ಫಾರ್ವರ್ಡ್ ಮಾಡಿದ್ದಾರಂತೆ. ವಿಡಿಯೊ ಬೇರೆ ಗ್ರೂಪುಗಳಲ್ಲಿ ಇನ್ನೂ ಓಡುತ್ತಿದೆ. ನಿಮಗೆ ಬಂದರೆ ಹುಡುಗನ ಮುಖವಿರುವ ಆ ವಿಡಿಯೊ ನಿಮ್ಮಲ್ಲೇ ನಿಲ್ಲಲಿ, ಬೇಕಿದ್ದರೆ ಅದರ ಬದಲು ಸ್ಕೋರ್ ಎಷ್ಟಿತ್ತು ಎಂದು ಕೇಳಿ ನೋಡಿ.